ಮಲಗಿರೋ ಕೊಮೊಡೊನ ಮಲಗೋಕೆ ಬಿಡಿ: ಲಾಬುವಾನ್ ಬಾಜೊಗೆ ಹೊರಟಿರೋ ನಮ್ಮೋರಿಗೆ ಒಂದು ಬಹಿರಂಗ ಪತ್ರ

ಬಾಲಿ ಟ್ರಿಪ್ ಜೊತೆಗೆ ಕೊಮೊಡೊನೂ ಸೇರಿಸ್ಕೊಂಡು ಪ್ಲಾನ್ ಹಾಕ್ತಿರೋ ಅಕ್ಕ ಅಣ್ಣಂದಿರಿಗೆ, ಮತ್ತೆ ಆ ಪ್ಯಾಕೇಜ್ ಮಾಡಿ ಮಾರೋ ನಮ್ಮ ಬೆಂಗಳೂರಿನ ಟೂರ್ ನಡೆಸೋರಿಗೆ,

ನಮಸ್ಕಾರ.

ಬೆಂಗಳೂರಿಂದ ಬಾಲಿಗೆ ನೇರ ಫ್ಲೈಟ್ ಬಂದ್ಮೇಲೆ ನಮ್ಮ ಜನ ಅಲ್ಲಿಗೆ ಹೋಗೋದು ತುಂಬಾ ಜಾಸ್ತಿಯಾಗಿದೆ, ಉಬುದ್ ಮಾರ್ಕೆಟ್ಟಲ್ಲಿ ಐದು ನಿಮಿಷ ನಿಂತ್ರೆ ಹಿಂದಿಂದ ಯಾರಾದ್ರೂ "ಏ ಬಾರೋ ಈ ಕಡೆ" ಅಂದಿದ್ದು ಕಿವಿಗೆ ಬೀಳುತ್ತೆ. ಬಾಲಿಯಿಂದ ಇನ್ನೊಂದು ಫ್ಲೈಟ್ ಹತ್ತಿದ್ರೆ ಒಂದು ಗಂಟೆ ಚಿಲ್ಲರೆಗೆ ಇಂಡೋನೇಷ್ಯಾದ್ದೇ ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೊ ಊರು, ಅಲ್ಲಿಂದ ಬೋಟಲ್ಲಿ ಕೊಮೊಡೊ ನ್ಯಾಷನಲ್ ಪಾರ್ಕ್, ಕೊಮೊಡೊ ಅನ್ನೋ ದೈತ್ಯ ಹಲ್ಲಿಗಳಿರೋ ಜಾಗ. ಹಾಗಾಗಿ "ಹೇಗೂ ಅಲ್ಲಿವರೆಗೆ ಹೋಗಿರ್ತೀವಲ್ಲ, ಒಂದು ದಿನದಲ್ಲಿ ಅದನ್ನೂ ಮುಗಿಸ್ಕೊಂಡ್ ಬರೋಣ" ಅನ್ನೋ ಮಾತು ಈಗ ಎಲ್ಲ ಕಡೆ ಕೇಳ್ತಿದೆ. ನಾವೂ ಹಂಗೇ ಅಂದ್ಕೊಂಡೇ ಹೊರಟಿದ್ದು. ನಾನು, ನಮ್ಮ ಯಜಮಾನ್ರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮಮ್ಮ. ಮೇ ಕೊನೇಲಿ, ಮಗನ ಸ್ಕೂಲ್ ಶುರುವಾಗೋ ಮುಂಚೆ.

ಅಲ್ಲಿ ನಡೆದಿದ್ದೊಂದು ಮನಸ್ಸಲ್ಲಿ ಕೂತ್ಬಿಟ್ಟಿದೆ, ಅದಕ್ಕೇ ಈ ಪತ್ರ.

ಕೊಮೊಡೊ ದ್ವೀಪದಲ್ಲಿ ಬೋಟ್ ನಿಲ್ಲೋ ಜಾಗಕ್ಕೆ ಲೋ ಲಿಯಾಂಗ್ ಅಂತಾರೆ, ಲೋ ಅಂದ್ರೆ ಅಲ್ಲಿನ ಮಾತಲ್ಲಿ ಕೊಲ್ಲಿ. ಇಳಿದ ತಕ್ಷಣ ರೇಂಜರ್ ಒಬ್ಬರು ನಮ್ಮ ಜೊತೆ ಬರ್ತಾರೆ, ಅವರಿಲ್ದೆ ಒಂದು ಹೆಜ್ಜೆನೂ ಒಳಗೆ ಹೋಗಂಗಿಲ್ಲ. ಕೈಲಿ ಬಂದೂಕಿಲ್ಲ, ತುದಿ ಕವೆಯಾಗಿರೋ ಒಂದು ಉದ್ದ ಕೋಲು, ಅಷ್ಟೇ. ಪ್ರಾಣಿ ಹತ್ರ ಬಂದ್ರೆ ಆ ಕವೆನ ಅದರ ಕತ್ತಿನ ಹತ್ರ ಅಡ್ಡ ಕೊಟ್ಟು ತಿರುಗಿಸ್ತಾರೆ. ನಮಗೆ ಸಿಕ್ಕಿದ ರೇಂಜರ್ ಐವತ್ತು ದಾಟಿದ ಮನುಷ್ಯ, ಅದೇ ದ್ವೀಪದ ಹಳ್ಳಿಯವರು. ಅಲ್ಲಿ ದೊಡ್ಡೋರನ್ನ ಪಾಕ್ ಅಂತ ಕರೀತಾರೆ, ನಾವು ಯಜಮಾನ್ರೇ ಅಂದಂಗೆ, ನಾವೂ ಹಂಗೇ ಕರೆದ್ವಿ.

ಹುಣಸೆ ಮರದ ನೆರಳಲ್ಲಿ ಒಂದು ಗಂಡು ಕೊಮೊಡೊ ಮಲಗಿತ್ತು. ಹುಣಸೆ ಮರ ನೋಡಿ ನಮ್ಮಮ್ಮಂಗೆ ಅರ್ಧ ಆಯಾಸನೇ ಹೋಯ್ತು, ಇದು ನಮ್ಮೂರ ಗದ್ದೆ ಬದಿ ಇದ್ದಂಗೇ ಇದೆ ಅಂದ್ರು. ಆ ಪ್ರಾಣಿ ನಾಲ್ಕೂ ಕಾಲು ಚೆಲ್ಕೊಂಡು, ಹೊಟ್ಟೆ ನೆಲಕ್ಕೆ ಒತ್ಕೊಂಡು, ಗದ್ದ ಮಣ್ಣಿಗಿಟ್ಟು ಮಲಗಿತ್ತು. ಎರಡೂವರೆ ಮೀಟರ್ ಇದ್ದಿರ್ಬೇಕು. ಆಗಾಗ ಹಳದಿ ನಾಲಿಗೆ ಹೊರಗೆ ಬಂದು ಒಳಗೆ ಹೋಗೋದು. ಹತ್ತು ಹೆಜ್ಜೆ ದೂರದಲ್ಲಿ ನಾವೆಲ್ಲ ನಿಂತಿದ್ವಿ, ನಮ್ಮ ಬೋಟಲ್ಲೇ ಬಂದಿದ್ದ ಬೆಂಗಳೂರಿನ ಇನ್ನೆರಡು ಫ್ಯಾಮಿಲಿನೂ ಇದ್ರು.

ಎರಡು ನಿಮಿಷ ಆಗಿರ್ಬೇಕು ಅಷ್ಟೇ. ಆ ಗುಂಪಲ್ಲಿ ಒಬ್ಬರು "ಇದೇನ್ರೀ ಅಲ್ಲಾಡೋದೇ ಇಲ್ಲ, ಇಷ್ಟು ದುಡ್ಡು ಕೊಟ್ಟು ಬಂದಿದೀವಿ" ಅಂದ್ರು. ಇನ್ನೊಬ್ಬರು ಮಣ್ಣಿನ ಹೆಂಟೆ ತಗೊಂಡ್ರು, ರೇಂಜರ್ ಕೈ ಅಡ್ಡ ಹಿಡಿದು ಬೇಡ ಅಂದ್ರು. ಆಮೇಲೆ ಅವರು ಜೇಬಿಂದ ಒಂದು ಲಕ್ಷ ರುಪಿಯಾದ ನೋಟು ತೆಗೆದು ಮಡಚಿ ರೇಂಜರ್ ಕೈಗೆ ತುರುಕೋಕೆ ಹೋದ್ರು, ಕೋಲಲ್ಲಿ ಒಂದ್ಸಲ ತಿವಿದು ಎಬ್ಬಿಸಿ, ರೀಲ್ ಮಾಡ್ಕೋಬೇಕು ಅಂತ ಸನ್ನೆ ಮಾಡ್ತಾ. ರೇಂಜರ್ ಆ ನೋಟನ್ನ ವಾಪಸ್ ಅವರ ಅಂಗೈಗೇ ಇಟ್ಟು ಮುಚ್ಚಿಸಿದ್ರು, ಬಾಯಲ್ಲಿ ಏನೂ ಹೇಳ್ಲಿಲ್ಲ. ಮುಖ ಮಾತ್ರ ಸಣ್ಣದಾಗಿತ್ತು. ನಾನು ಅಲ್ಲೇ ನಿಂತಿದ್ದೆ, ಕನ್ನಡದಲ್ಲೇ "ಬಿಡ್ರಿ ಸಾರ್ ಪಾಪ" ಅಂತ ಒಂದು ಮಾತು ಹೇಳ್ಬೋದಿತ್ತು, ಹೇಳ್ಲಿಲ್ಲ. ಆವಾಗ ಆಡ್ದೆ ಉಳಿಸ್ಕೊಂಡ ಮಾತನ್ನೇ ಈಗ ಬರೀತಿದೀನಿ.

ಮಲಗಿರೋದೇ ಆ ಪ್ರಾಣಿಯ ಬದುಕು ಕಣ್ರೀ. ಹಗಲು ಬಿಸಿಲಲ್ಲಿ ಅದು ಓಡಾಡಲ್ಲ, ಬೆಳಗ್ಗೆ ಮೈ ಕಾಯಿಸ್ಕೊಂಡು ಸ್ವಲ್ಪ ತಿರುಗಾಡಿ ಬಿಸಿಲೇರಿದ ಮೇಲೆ ನೆರಳಿಗೆ ಬಂದು ಬೀಳುತ್ತೆ. ತನ್ನ ತೂಕದ ಮುಕ್ಕಾಲು ಪಾಲಿಗಿಂತ ಜಾಸ್ತಿ ಮಾಂಸನ ಒಂದೇ ಸಲಕ್ಕೆ ನುಂಗಬಲ್ಲ ಜೀವ ಅದು, ಜಿಂಕೆನೋ ಹಂದಿನೋ ಸಿಕ್ಕಿ ಹೊಟ್ಟೆ ತುಂಬಿದ್ರೆ ವಾರಗಟ್ಟಲೆ ಏನೂ ತಿನ್ನದೇ ಇರುತ್ತೆ. ಕೈಲಿರೋ ಶಕ್ತಿನ ಹಿಡಿದು ಹಿಡಿದು ಖರ್ಚು ಮಾಡೋ ಪ್ರಾಣಿ. ನಾವು ಎಬ್ಬಿಸಿದ ಪ್ರತಿ ಸಲನೂ ಆ ಕೂಡಿಟ್ಟಿದ್ದನ್ನ ಸುಮ್ಸುಮ್ನೆ ಖರ್ಚು ಮಾಡಿಸ್ತೀವಿ, ದಿನಕ್ಕೆ ಎಷ್ಟು ಬೋಟ್ ಬರುತ್ತೆ, ಒಂದೊಂದು ಬೋಟಿಂದ ಎಷ್ಟು ಜನ ಇಳೀತಾರೆ, ನೀವೇ ಲೆಕ್ಕ ಹಾಕಿ.

ಮಲಗಿರೋದು ನೋಡಿ ಸಾಧು ಪ್ರಾಣಿ ಅಂತನೂ ತಿಳ್ಕೋಬೇಡಿ. ಸ್ವಲ್ಪ ದೂರಕ್ಕಾದ್ರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡುತ್ತೆ. ಮುಂಚೆ ಎಲ್ಲ ಅದರ ಬಾಯಲ್ಲಿರೋ ಕೊಳಕು ಬ್ಯಾಕ್ಟೀರಿಯಾದಿಂದ ಬೇಟೆ ಸಾಯುತ್ತೆ ಅಂತಿದ್ರು, 2009ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಬ್ರಯನ್ ಫ್ರೈ ಮತ್ತವರ ತಂಡದೋರು ಅದಕ್ಕೆ ಕೆಳದವಡೆಯಲ್ಲಿ ವಿಷದ ಗ್ರಂಥಿ ಇದೆ, ಆ ವಿಷ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ ಅಂತ ತೋರಿಸಿಕೊಟ್ರು. 2007ರಲ್ಲಿ ಅದೇ ಕೊಮೊಡೊ ದ್ವೀಪದಲ್ಲಿ ಎಂಟು ವರ್ಷದ ಹುಡುಗನೊಬ್ಬ ಕೊಮೊಡೊ ಕಚ್ಚಿ ತೀರ್ಕೊಂಡ. ನನ್ನ ಮಗನಿಗಿಂತ ಒಂದು ವರ್ಷ ಚಿಕ್ಕೋನು. ನೋಟು ಹಿಡ್ಕೊಂಡು ನಿಂತಿದ್ದ ಆ ಪುಣ್ಯಾತ್ಮರ ಪಕ್ಕದಲ್ಲೇ ಅವರ ಮಗಳು ನಿಂತಿತ್ತು, ನನ್ನ ಮಗನ ವಯಸ್ಸೇ ಇರ್ಬೇಕು.

ನಾನು ತೀರ್ಥಹಳ್ಳಿ ಕಡೆಯವಳು. ಉಡ ನಮಗೆ ಹೊಸದಲ್ಲ. ಯಾರಾದ್ರೂ ಒಂದು ವಿಷಯ ಹಿಡಿದ್ರೆ ಬಿಡಲ್ಲ ಅಂದ್ರೆ ಉಡದ ಪಟ್ಟು ಅಂತೀವಿ, ಅದರ ಉಗುರಿನ ಹಿಡಿತ ಅಂಥದ್ದು. ಕೊಮೊಡೊ ಅಂದ್ರೆ ಆ ಉಡದ ದಾಯಾದಿನೇ, ಅದೇ ಜಾತಿ, ವಾರಾನಸ್ ಅಂತ ಎರಡಕ್ಕೂ ಒಂದೇ ಹೆಸರು. ನಾನು ಚಿಕ್ಕೋಳಿದ್ದಾಗ ಊರಲ್ಲಿ ಉಡ ಹೊಡೆದು ಮಾಂಸ ಮಾಡ್ತಿದ್ರು, ಎಣ್ಣೆ ತೆಗೆದು ಮಂಡಿನೋವಿಗೆ ಹಚ್ತಿದ್ರು, ಯಾರಿಗೂ ತಪ್ಪು ಅನ್ನಿಸ್ತಿರ್ಲಿಲ್ಲ. ಈಗ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಉಡ ಮೊದಲನೇ ಶೆಡ್ಯೂಲಲ್ಲಿದೆ, ಹುಲಿ ಆನೆ ಜೊತೆಗೆ. ಆದ್ರೂ ಎಷ್ಟು ಜನಕ್ಕೆ ಗೊತ್ತಿದೆ? ಅಲ್ಲಿ ಆ ದೊಡ್ಡ ಉಡದ ಮುಂದೆ ನಿಂತಾಗ ನನಗೆ ಇದೆಲ್ಲ ಒಟ್ಟಿಗೇ ನೆನಪಾಯ್ತು.

ಇಡೀ ಭೂಮಿ ಮೇಲೆ ಕಾಡಲ್ಲಿ ಇವು ಇರೋದು ಸುಮಾರು 3,000. ಮರಿ ಮಾಡೋ ವಯಸ್ಸಿಗೆ ಬಂದಿರೋದು ಬರೀ 1,400ರ ಆಸುಪಾಸು. ಕೊಮೊಡೊ, ರಿಂಚಾ, ಇನ್ನೊಂದೆರಡು ಸಣ್ಣ ದ್ವೀಪ, ಫ್ಲೋರೆಸ್‌ನ ಪಶ್ಚಿಮ ಉತ್ತರ ಅಂಚು, ಇಷ್ಟು ಬಿಟ್ರೆ ಬೇರೆಲ್ಲೂ ಇಲ್ಲ. ಹೊರಗಿನ ಪ್ರಪಂಚಕ್ಕೆ ಇಂಥದ್ದೊಂದು ಇದೆ ಅಂತ ಸರಿಯಾಗಿ ಗೊತ್ತಾಗಿದ್ದೇ 1912ರಲ್ಲಿ, ಡಚ್ಚರ ಕಾಲದಲ್ಲಿ ಜಾವಾದ ಮ್ಯೂಸಿಯಂ ನೋಡ್ಕೋತಿದ್ದ ಪೀಟರ್ ಔವೆನ್ಸ್ ಇದರ ಬಗ್ಗೆ ಬರೆದಾಗ. 1980ರಲ್ಲಿ ನ್ಯಾಷನಲ್ ಪಾರ್ಕ್ ಮಾಡಿದ್ರು, 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. 2021ರಲ್ಲಿ ಐಯುಸಿಎನ್, ಅಂದ್ರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡೋ ಅಂತಾರಾಷ್ಟ್ರೀಯ ಸಂಸ್ಥೆ, ಇದನ್ನ ಅಳಿವಿನಂಚಿನ ಪಟ್ಟಿಗೆ ಏರಿಸ್ತು, ಕಾರಣ ಬೇಟೆ ಅಲ್ಲ, ಬಿಸಿ ಏರ್ತಿರೋದು ಮತ್ತೆ ಸಮುದ್ರ ಏರ್ತಿರೋದು. ಮುಂದಿನ 45 ವರ್ಷದಲ್ಲಿ ಅದು ಬದುಕೋಕಾಗೋ ಜಾಗ ಕಡಿಮೆ ಅಂದ್ರೂ 30 ಪರ್ಸೆಂಟ್ ಕಮ್ಮಿಯಾಗುತ್ತೆ ಅಂತ ಅವರ ಲೆಕ್ಕ. ಪಾಡಾರ್ ಅಂತ ಒಂದು ದ್ವೀಪ ಇದೆ, ಎಲ್ಲರೂ ಮೆಟ್ಟಿಲು ಹತ್ತಿ ಮೂರು ಕೊಲ್ಲಿ ಒಟ್ಟಿಗೆ ಕಾಣೋ ಫೋಟೋ ಹಾಕ್ತಾರಲ್ಲ, ಅದೇ. ಅಲ್ಲಿ ಮುಂಚೆ ಕೊಮೊಡೊ ಇದ್ವು, ಕಳ್ಳಬೇಟೆಯೋರು ಜಿಂಕೆ ಹೊಡೆದು ಹೊಡೆದು ತಿನ್ನೋಕೆ ಏನೂ ಇಲ್ದಂಗಾಗಿ 1970ರ ದಶಕದ ಹೊತ್ತಿಗೆ ಅಲ್ಲಿಂದ ಮಾಯವಾದ್ವು. ಆ ಮೆಟ್ಟಿಲ ಮೇಲೆ ಸೂರ್ಯೋದಯಕ್ಕೆ ಸಾಲಲ್ಲಿ ನಿಂತಿದ್ದಾಗ ನನಗೆ ಇದು ಗೊತ್ತಿರ್ಲಿಲ್ಲ, ಗೊತ್ತಿದ್ದಿದ್ರೆ ಅಲ್ಲಿ ಸ್ವಲ್ಪ ಬೇರೆ ಥರ ನಿಂತಿರ್ತಿದ್ದೆ ಅನ್ಸುತ್ತೆ.

ಮರಿಗಳ ವಿಷಯ ಹೇಳ್ಲೇಬೇಕು, ನನ್ನ ಮಗ ಇವತ್ತಿಗೂ ಅದನ್ನೇ ಹೇಳ್ತಿರ್ತಾನೆ. ಅಲ್ಲಿ ಒಂದು ಕಾಡುಕೋಳಿ ಥರದ ಹಕ್ಕಿ ಇದೆ, ಮಣ್ಣು ತರಗೆಲೆ ಎಲ್ಲ ಕೆರೆದು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಇಡುತ್ತೆ. ಹೆಣ್ಣು ಕೊಮೊಡೊ ಸೆಪ್ಟೆಂಬರ್ ಹೊತ್ತಿಗೆ ಅಂಥ ಗುಡ್ಡೆ ತೋಡಿ ಇಪ್ಪತ್ತರ ಆಸುಪಾಸು ಮೊಟ್ಟೆ ಇಡುತ್ತೆ, ಮೊಟ್ಟೆ ಕಳ್ಳರನ್ನ ದಾರಿ ತಪ್ಪಿಸೋಕೆ ಪಕ್ಕದಲ್ಲಿ ಸುಳ್ಳು ಗುಂಡಿನೂ ತೋಡುತ್ತೆ, ಊಟ ನಿದ್ದೆ ಬಿಟ್ಟಂಗೆ ತಿಂಗಳುಗಟ್ಟಲೆ ಕಾವಲು ಕೂರುತ್ತೆ. ಏಳೆಂಟು ತಿಂಗಳಾದ್ಮೇಲೆ, ಏಪ್ರಿಲ್ ಹೊತ್ತಿಗೆ ಮರಿ ಹೊರಗೆ ಬರುತ್ತೆ, ಬಂದಿದ್ದೇ ಓಡಿ ಹೋಗಿ ಮರ ಹತ್ತುತ್ತೆ. ಯಾಕಂದ್ರೆ ದೊಡ್ಡವು ಮರಿನ ತಿಂದ್ಬಿಡ್ತವೆ, ದೊಡ್ಡವಕ್ಕೆ ಮೈಭಾರಕ್ಕೆ ಮರ ಹತ್ತೋಕಾಗಲ್ಲ. ನಾವು ಹೋದಾಗ ರೇಂಜರ್ ಥಟ್ಟಂತ ನಿಂತು, ಕೋಲಿಂದ ಮೇಲೆ ತೋರಿಸಿದ್ರು. ಮರದ ಕವಲಲ್ಲಿ ಒಂದು ಮರಿ ಅಂಟ್ಕೊಂಡು ಕೂತಿತ್ತು, ಮೊಳದುದ್ದ, ಮೈಮೇಲೆಲ್ಲ ಹಳದಿ ಹಸಿರು ಚುಕ್ಕೆ. ಹೆಚ್ಚು ಕಮ್ಮಿ ಒಂದು ತಿಂಗಳ ಕೂಸು. ಮಗ ಉಸಿರು ಬಿಗಿಹಿಡಿದು ಕಾಲು ಗಂಟೆ ನೋಡ್ದ. ಆ ಹೊತ್ತಿಗೆ ಉಳಿದ ಫ್ಯಾಮಿಲಿಯೋರೆಲ್ಲ ಮುಂದೆ ಹೋಗಿ ಕ್ಯಾಪ್ ಟೀಶರ್ಟ್ ಅಂಗಡಿ ಹತ್ರ ಸೇರಿದ್ರು. ಅವರಿಗೆ ಮರಿ ಕಾಣ್ಲೇ ಇಲ್ಲ.

ಕೊಮೊಡೊ ಹಳ್ಳಿ ಜನರ ಕಥೆ ಕೇಳಿ. ಅವರು ತಮ್ಮನ್ನ ಆತಾ ಮೊಡೊ ಅಂತ ಕರ್ಕೋತಾರೆ. ಹಿಂದೆ ಪುತ್ರಿ ನಾಗ ಅನ್ನೋಳಿಗೆ ಅವಳಿ ಮಕ್ಕಳು ಹುಟ್ಟಿದ್ವಂತೆ, ಒಂದು ಮನುಷ್ಯ, ಗೆರೋಂಗ್ ಅಂತ, ಇನ್ನೊಂದು ಈ ಪ್ರಾಣಿ, ಓರಾ ಅಂತ. ಓರಾ ಕಾಡಲ್ಲಿ ಬೆಳೀತು. ಗೆರೋಂಗ್ ದೊಡ್ಡೋನಾಗಿ ಒಂದಿನ ಬೇಟೆಗೆ ಹೋದಾಗ ಅವನು ಹೊಡೆದ ಜಿಂಕೆ ತಿನ್ನೋಕೆ ಒಂದು ದೊಡ್ಡ ಪ್ರಾಣಿ ಬಂತು, ಇವನು ಈಟಿ ಎತ್ತಿದ, ಆವಾಗ ತಾಯಿ ಅಡ್ಡ ಬಂದು "ಕೊಲ್ಬೇಡ, ಅದು ನಿನ್ನ ಒಡಹುಟ್ಟು" ಅಂದಳಂತೆ. ಅವತ್ತಿಂದ ಅವರು ಬೇಟೆಯಲ್ಲಿ ಒಂದು ಪಾಲು ಓರಾಗೆ ಬಿಡ್ತಿದ್ರು, ವಯಸ್ಸಾಗಿರೋ ಕೊಮೊಡೊಗೆ ಊಟ ಹಾಕಿದ್ದೂ ಉಂಟಂತೆ. ಪುತ್ರಿ, ನಾಗ, ಎರಡೂ ಪದ ಅಲ್ಲಿ ಕೇಳಿ ನಮ್ಮಮ್ಮನ ಮುಖ ನೋಡ್ಬೇಕಿತ್ತು. ಪುತ್ರಿ ಅಂದ್ರೆ ಅವರಲ್ಲಿ ರಾಜಕುಮಾರಿ, ನಾಗ ಅಂದ್ರೆ ನಾಗನೇ. ಅಮ್ಮ ಅಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ್ರು. ರೇಂಜರ್ ಬೇಗ ಚಪ್ಪಲಿ ಹಾಕ್ಕೊಳಿ ಅಂತ ಸನ್ನೆ ಮಾಡಿದ್ರು, ಮುಳ್ಳು ಹಾವು ಇರುತ್ತೆ ಅಂತ, ಆದ್ರೆ ಅವರ ಕಣ್ಣಲ್ಲಿ ಆವಾಗ ಬಂದ ನಗು ನಾನು ಮರೆಯಲ್ಲ.

ನಮ್ಮೂರ ಕಡೆ ನಾಗಬನ ಇದೆ. ಅಲ್ಲಿ ಒಂದು ಕಡ್ಡಿ ಮುರಿಯಲ್ಲ, ಜೋರಾಗಿ ಮಾತಾಡಲ್ಲ, ನಾಗ ಕಾಣ್ಸಿಲ್ಲ ಅಂತ ಭಟ್ರಿಗೆ ದುಡ್ಡು ಕೊಟ್ಟು ಹುತ್ತ ಕೆದಕಿಸಲ್ಲ. ನೋಡಿದ್ರೆ ಪುಣ್ಯ, ಕಾಣ್ದಿದ್ರೆ ಅದು ಅದರ ಪಾಡಿಗೆ ಇದೆ ಅನ್ನೋ ಸಮಾಧಾನ. ಇದೇ ನಡವಳಿಕೆನ ಒಂದು ಫ್ಲೈಟ್ ಹತ್ತಿ ಇಳಿಯೋ ಅಷ್ಟ್ರಲ್ಲಿ ನಾವು ಎಲ್ಲಿ ಬಿಟ್ಟು ಹೋಗ್ತೀವಿ?

ನೋಡೋರ ಆಸೆಯಿಂದ ಆ ಪ್ರಾಣಿಗೆ ಏನಾಗುತ್ತೆ ಅನ್ನೋದು ಅಲ್ಲಿ ಒಂದ್ಸಲ ಅನುಭವಕ್ಕೆ ಬಂದಿದೆ. 1990ರ ದಶಕದ ಶುರು ತನಕ ಟೂರಿಸ್ಟ್‌ಗಳ ಮುಂದೆ ಮೇಕೆ ಕೊಯ್ದು ಹಾಕೋರು, ಕೊಮೊಡೊಗಳು ಗುಂಪಾಗಿ ಬಂದು ಹರಿದು ತಿನ್ನೋವು, ಜನ ಮೇಲಿಂದ ನೋಡೋರು. ಆ ಜಾಗದ ಸುತ್ತ ಇದ್ದ ಪ್ರಾಣಿಗಳು ಬೇಟೆ ಆಡೋದು ಬಿಟ್ಟು ಮೇಕೆಗೆ ಕಾಯ್ಕೊಂಡು ಬಿದ್ದಿರೋಕೆ ಶುರು ಮಾಡಿದ್ವು, ಆಮೇಲೆ ಅದನ್ನ ನಿಲ್ಲಿಸಿದ್ರು. ಈಗ್ಲೂ ಜನ ಜಾಸ್ತಿ ಓಡಾಡೋ ಕಡೆ ಇರೋ ಕೊಮೊಡೊಗಳು ಮೈ ಬಂದು ದಪ್ಪ ಇರ್ತವೆ, ಮನುಷ್ಯರನ್ನ ಕಂಡ್ರೆ ಹೆದರೋದು ಕಮ್ಮಿ, ವಿಜ್ಞಾನಿಗಳು ಇದನ್ನ ಅಳೆದು ನೋಡಿದಾರೆ. ರೇಂಜರ್‌ಗಳ ಅಡುಗೆಮನೆ ಕಂಬದ ಮೇಲೆ ಕಟ್ಟಿರ್ತಾರೆ, ವಾಸನೆಗೆ ಬಂದು ಅದರ ಕೆಳಗೇ ಮಲಗ್ತವೆ. ಕೇಳೋಕೆ ಒಳ್ಳೇದು ಅನ್ನಿಸ್ಬೋದು, ಆದ್ರೆ ಮನುಷ್ಯರ ಭಯ ಹೋಗಿರೋ ಕೊಮೊಡೊ ಹಳ್ಳಿಯೊಳಗೆ ಬಂದ್ರೆ ಕಷ್ಟ ಪಡೋರು ನಾವಲ್ಲ, ಅಲ್ಲಿ ಮಕ್ಕಳನ್ನ ಸಾಕ್ತಿರೋ ತಾಯಂದಿರು.

2018ರ ಆಗಸ್ಟಲ್ಲಿ ಪಾರ್ಕಿನ ಗಿಲಿ ಲಾವಾ ದ್ವೀಪದ ಗುಡ್ಡ ಹೊತ್ತಿ ಉರೀತು, ಟೂರಿಸ್ಟ್ ಒಬ್ಬರು ಎಸೆದ ಸಿಗರೇಟ್ ತುಂಡಿಂದ ಅನ್ನೋ ಅನುಮಾನ. ಒಣಗಿದ ಹುಲ್ಲಿನ ಗುಡ್ಡ ಅದು, ಒಂದು ಕಿಡಿ ಸಾಕು.

ಸರ್ಕಾರದ ಕಡೆಯಿಂದನೂ ಎಷ್ಟೋ ಹಗ್ಗಜಗ್ಗಾಟ ನಡೆದಿದೆ. 2019ರಲ್ಲಿ ಕೊಮೊಡೊ ದ್ವೀಪನ ಒಂದು ವರ್ಷ ಮುಚ್ಚಿ ಹಳ್ಳಿ ಜನರನ್ನ ಬೇರೆ ಕಡೆ ಕಳಿಸ್ತೀವಿ ಅಂತ ಆ ಪ್ರಾಂತ್ಯದ ಗವರ್ನರ್ ಹೇಳಿದ್ರು, ಜನ ಒಪ್ಪಲಿಲ್ಲ, ಕೊನೆಗೆ ಕೇಂದ್ರ ಸರ್ಕಾರ ಅದನ್ನ ಕೈಬಿಡ್ತು. 2020ರಲ್ಲಿ ರಿಂಚಾದಲ್ಲಿ ಟೂರಿಸ್ಟ್‌ಗಳಿಗೆ ಕಟ್ಟಡ ಕಟ್ತಿದ್ದಾಗ ಒಂದು ಲಾರಿ ಎದುರಿಗೆ ಕೊಮೊಡೊ ನಿಂತಿರೋ ಫೋಟೋ ಪ್ರಪಂಚ ಎಲ್ಲ ಓಡಾಡ್ತು. 2022ರಲ್ಲಿ ಟಿಕೆಟ್ಟನ್ನ 37.5 ಲಕ್ಷ ರುಪಿಯಾ ಮಾಡ್ತೀವಿ ಅಂದ್ರು, ಆವಾಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಲಾಬುವಾನ್ ಬಾಜೊದ ಗೈಡ್‌ಗಳು, ಬೋಟಿನೋರು, ಹೋಟೆಲ್‌ನೋರು ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು, ಅದೇ ವರ್ಷ ಡಿಸೆಂಬರಲ್ಲಿ ಅದನ್ನ ಕೈಬಿಟ್ರು. ನನ್ನ ಅಭಿಪ್ರಾಯ ಕೇಳಿದ್ರೆ ಟಿಕೆಟ್ ಏರಿಸೋದ್ರಿಂದ ಇದು ಬಗೆಹರಿಯಲ್ಲ. ಜಾಸ್ತಿ ದುಡ್ಡು ಕೊಟ್ಟೋರೇ "ಇಷ್ಟು ಕೊಟ್ಟಿದೀನಿ, ಎಬ್ಬಿಸು" ಅನ್ನೋದು, ನಾನು ಕಣ್ಣಾರೆ ನೋಡಿದೀನಿ. ಜನರನ್ನ ಎಬ್ಬಿಸಿ ಓಡಿಸೋದಂತೂ ಇನ್ನೂ ತಪ್ಪು, ಅಲ್ಲಿನ ಜನಕ್ಕೆ ಜಿಂಕೆ ಬೇಟೆ ನಿಂತೋಗಿದೆ, ಈಗ ಮರದಲ್ಲಿ ಕೊಮೊಡೊ ಗೊಂಬೆ ಕೆತ್ತಿ ಮಾರಿ, ಮೀನು ಹಿಡಿದು, ರೇಂಜರ್ ಕೆಲಸ ಮಾಡಿ ಬದುಕ್ತಿದಾರೆ.

ಟೂರ್ ನಡೆಸೋ ಅಣ್ಣಂದಿರೇ, ಈಗ ನಿಮ್ಮ ಹತ್ರ ಒಂದು ಮಾತು. ನಿಮ್ಮ ಒನ್ ಡೇ ಪ್ಯಾಕೇಜಲ್ಲಿ ಸ್ಪೀಡ್ ಬೋಟಲ್ಲಿ ಆರು ಜಾಗ ಇರುತ್ತೆ: ಪಾಡಾರ್, ಪಿಂಕ್ ಬೀಚ್, ಕೊಮೊಡೊ, ತಾಕಾ ಮಕಾಸರ್, ಮಾಂಟಾ ಪಾಯಿಂಟ್, ಇನ್ನೊಂದು ಸ್ನಾರ್ಕ್ಲಿಂಗ್. ಬೆಳಗ್ಗೆ ಕತ್ಲಲ್ಲಿ ಹೊರಟು ಸಂಜೆಗೆ ವಾಪಸ್. ಕೊಮೊಡೊ ಇರೋ ಜಾಗಕ್ಕೆ ಸಿಗೋದು ಒಂದು ಗಂಟೆ, ಅದೂ ಬಹಳ ಸಲ ಸುಡು ಬಿಸಿಲಲ್ಲಿ, ಪ್ರಾಣಿ ಮಲಗೋ ಹೊತ್ತಲ್ಲಿ. ಜನಕ್ಕೆ ತಾಳ್ಮೆ ಇಲ್ಲ ಅಂತ ನಾನು ಬರೀ ಜನರನ್ನೇ ಬೈಯಲ್ಲ, ತಾಳ್ಮೆಗೆ ಆ ಪ್ಲಾನಲ್ಲಿ ಜಾಗನೇ ಇಟ್ಟಿಲ್ಲ. ನಿಮ್ಮ ಬ್ರೋಶರಲ್ಲಿ ಬಾಯಿ ತೆಗೆದು ನಿಂತಿರೋ ಕೊಮೊಡೊ ಫೋಟೋ ಹಾಕ್ತೀರಿ, ಬಂದೋರು ಅದನ್ನೇ ಕೇಳ್ತಾರೆ. ಮಲಗಿರೋ ಫೋಟೋ ಹಾಕಿ. ಕೆಳಗೆ ಒಂದು ಸಾಲು ಬರೀರಿ, ನೀವು ಹೋದಾಗ ಬಹುಶಃ ಹೀಗೇ ಇರುತ್ತೆ, ಎಬ್ಬಿಸಂಗಿಲ್ಲ ಅಂತ. ಆರು ಜಾಗನ ಮೂರು ಮಾಡಿ, ಕೊಮೊಡೊ ಅಥವಾ ರಿಂಚಾನ ಬೆಳಗ್ಗೆ ಮೊದಲನೇದಾಗಿ ಇಡಿ.

ಹೋಗೋ ಅಕ್ಕ ಅಣ್ಣಂದಿರೇ, ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ಖಂಡಿತ ಹೋಗಿ. ಆಗೋದಾದ್ರೆ ಲಾಬುವಾನ್ ಬಾಜೊದಲ್ಲಿ ಒಂದು ದಿನ ಜಾಸ್ತಿ ಇರಿ. ಲೋ ಲಿಯಾಂಗಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ನಡೆಯೋ ದಾರಿ ಬೇರೆ ಬೇರೆ ಇವೆ, ಸಣ್ಣದಕ್ಕೇ ನಿಲ್ಲಿಸ್ಬೇಡಿ. ಹಳದಿ ಜುಟ್ಟಿನ ಬಿಳಿ ಕಾಕಟೂ ಗಿಳಿ ಇರ್ತವೆ, ಪ್ರಪಂಚದಲ್ಲೇ ತುಂಬಾ ಕಮ್ಮಿ ಉಳಿದಿರೋ ಹಕ್ಕಿ, ಮೇಲೆ ನೋಡ್ಕೊಂಡು ನಡೀರಿ. ಪಾರ್ಕಿನ ಮೂರರಲ್ಲಿ ಎರಡು ಪಾಲು ಸಮುದ್ರನೇ, ನೀರೊಳಗೂ ನೋಡೋಕೆ ಅಷ್ಟೇ ಇದೆ, ಮಾಂಟಾ ಅನ್ನೋ ದೊಡ್ಡ ತೊರಕೆ ಮೀನು ಬಂದ್ರೆ ಬೆನ್ನಟ್ಟಬೇಡಿ, ಸುಮ್ನೆ ತೇಲ್ತಾ ಇರಿ, ಅವೇ ಹತ್ರ ಬರ್ತವೆ. ಸಂಜೆ ಕಾಲೋಂಗ್ ದ್ವೀಪದ ಹತ್ರ ಬೋಟ್ ನಿಲ್ಲಿಸ್ತಾರೆ, ಸೂರ್ಯ ಮುಳುಗ್ತಿದ್ದಂಗೆ ಸಾವಿರಾರು ಬಾವಲಿ ಮ್ಯಾಂಗ್ರೋವ್ ಬಿಟ್ಟು ಫ್ಲೋರೆಸ್ ಕಡೆ ಹೊರಡ್ತವೆ.

ಹೆಣ್ಣುಮಕ್ಕಳಿಗೆ ಒಂದು ಮಾತು, ಮುಟ್ಟಾಗಿದ್ರೆ ಅಥವಾ ಯಾರಿಗಾದ್ರೂ ಗಾಯ ಆಗಿದ್ರೆ ಶುರುವಲ್ಲೇ ರೇಂಜರ್‌ಗೆ ಹೇಳ್ಬೇಕು. ಅದಕ್ಕೆ ರಕ್ತದ ವಾಸನೆ ಬಹಳ ದೂರದಿಂದ ಗೊತ್ತಾಗುತ್ತೆ. ನಾಚ್ಕೋಬೇಡಿ, ಮೈಲಿಗೆ ಗೀಲಿಗೆ ವಿಷಯ ಅಲ್ಲ ಅದು. ನಾನು ಹೇಳಿದೆ, ರೇಂಜರ್ ಸರಿ ಅಂತ ತಲೆ ಆಡಿಸಿ ನನ್ನನ್ನ ಅವರ ಪಕ್ಕದಲ್ಲೇ ನಡೆಸಿದ್ರು, ಅಷ್ಟೇ.

ಕೊನೇಲಿ ನಾನು ಆ ರೇಂಜರ್‌ಗೆ ಟಿಪ್ ಕೊಟ್ಟೆ. ಅವರು ಬೇಡ ಅಂದಂಗೆ ಹಿಂದೆ ಸರಿದ್ರು, ಬೆಳಗ್ಗೆಯ ನೋಟು ಇನ್ನೂ ಮನಸ್ಸಲ್ಲಿತ್ತೇನೋ. ನಾನು ಮರದ ಕಡೆ ಕೈ ತೋರಿಸಿ, ಮರಿ ತೋರಿಸಿದ್ದಕ್ಕೆ ಇದು, ಅಂದೆ. ಎಬ್ಬಿಸಿದ್ದಕ್ಕೆ ಟಿಪ್ ಕೊಡ್ಬೇಡಿ, ಎಬ್ಬಿಸಲ್ಲ ಅಂದಿದ್ದಕ್ಕೆ ಕೊಡಿ. ಇನ್ನೊಬ್ಬರು ಕೊಡೋಕೆ ಹೋದ್ರೆ ನೀವಾದ್ರೂ ನನ್ನ ಥರ ಸುಮ್ನೆ ನಿಲ್ಲಬೇಡಿ, ಕನ್ನಡದಲ್ಲೇ ಮೆತ್ತಗೆ ಹೇಳಿ, ನಮ್ಮೋರು ನಮ್ಮೋರ ಮಾತು ಕೇಳ್ತಾರೆ.

ಇಂತಿ,
ತೀರ್ಥಹಳ್ಳಿ ಕಡೆಯ, ಈಗ ಬೆಂಗಳೂರಲ್ಲಿರೋ ಒಬ್ಬ ತಾಯಿ